ಅಗ್ಗದ ಓಟಗಾರ ಬೇಕಾಗಿದ್ದಾನೆ

ಅಮೆರಿಕದಲ್ಲಿ ಆಗಸ್ಟ್ ಕೊನೆ ಬಂತೆಂದರೆ ಗಂಡಸರಿಗೆ ಒಂದು ಹುಚ್ಚು ಹಿಡಿಯುತ್ತದೆ. ಮನೆ ಸಾಲ ಇನ್ನೆಷ್ಟು ಬಾಕಿ ಇದೆ ಅಂತ ಗೊತ್ತಿರುವುದಿಲ್ಲ. ಮಗಳು ಈಗ ಎಷ್ಟನೇ ಕ್ಲಾಸು ಅಂತ ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಆದರೆ ಯಾವುದೋ ತಂಡದ ಎರಡನೇ ಓಟಗಾರನ ಎಡ ಹಿಮ್ಮಡಿ ನೋವು ಈ ವಾರ ಎಷ್ಟು ಕಮ್ಮಿಯಾಗಿದೆ ಅಂತ ಕೇಳಿ ನೋಡಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. (ಹೆಂಗಸರೂ ಈ ಆಟ ಆಡುತ್ತಾರೆ. ಅವರಿಗೆ ಮಗಳ ಕ್ಲಾಸೂ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ.)

ಇದರ ಹೆಸರು ಫ್ಯಾಂಟಸಿ ಫುಟ್ಬಾಲ್. ಇಲ್ಲಿ ಫುಟ್ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಅದರ ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರು ಮೈದಾನದಲ್ಲಿ ಮಾಡಿದ್ದಕ್ಕೆ ಅಂಕ ಎಣಿಸುವುದು ಈ ಆಟ. 1962ರಲ್ಲಿ ಓಕ್ಲೆಂಡ್ ರೈಡರ್ಸ್ ತಂಡದಲ್ಲಿ ಪಾಲಿದ್ದ ಬಿಲ್ ವಿಂಕೆನ್‌ಬಾಕ್ ಎಂಬಾತ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರ ಜೊತೆ ಕೂತು ಇದರ ನಿಯಮಗಳನ್ನು ಬರೆದ. ಆ ವರ್ಷ ಅವನ ನಿಜವಾದ ತಂಡ ಆಡಿದ್ದು 14 ಪಂದ್ಯ, ಗೆದ್ದಿದ್ದು 1. ಅಂಥವನಿಗೆ ಕಾಲ್ಪನಿಕ ತಂಡವೊಂದು ಬೇಕು ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ ಬಿಡಿ.

ನಮ್ಮವರಿಗೆ ಡ್ರೀಮ್ ಇಲೆವೆನ್ ಗೊತ್ತು. 2025ರ ಕಾನೂನು ಬಂದ ಮೇಲೆ ಅಲ್ಲಿ ದುಡ್ಡಿನ ಆಟ ನಿಂತಿತು, ಅದು ಬೇರೆ ಕಥೆ. ಅದರಲ್ಲಿ ಒಬ್ಬ ಕೊಹ್ಲಿಯನ್ನು ಲಕ್ಷಾಂತರ ಜನ ಆರಿಸಿಕೊಳ್ಳಬಹುದಿತ್ತು. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ 12 ಜನ ಸೇರಿ ಒಂದು ಲೀಗ್ ಮಾಡುತ್ತಾರೆ, ಸರದಿ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಎತ್ತಿಕೊಳ್ಳುತ್ತಾರೆ. ಒಬ್ಬರು ಎತ್ತಿಕೊಂಡವನು ಉಳಿದ 11 ಜನಕ್ಕೆ ಇಲ್ಲ. ಇದೇ ಡ್ರಾಫ್ಟ್. ಆಮೇಲೆ ಡಿಸೆಂಬರ್‌ವರೆಗೂ ಪ್ರತಿ ಭಾನುವಾರ ಅಂಕ ಎಣಿಸುವುದು. ಚೆಂಡು ಹಿಡಿದು 10 ಗಜ ಓಡಿದರೆ 1 ಅಂಕ, ಚೆಂಡಿನ ಜೊತೆ ಎದುರಾಳಿಯ ಕೊನೆ ಗೆರೆ ದಾಟುವ ಟಚ್‌ಡೌನಿಗೆ 6. ಕೆಲವು ಲೀಗುಗಳಲ್ಲಿ ಪಾಸ್, ಅಂದರೆ ಜೊತೆಗಾರ ಎಸೆದ ಚೆಂಡು, ಹಿಡಿದರೂ 1 ಅಂಕ. ಅಂದರೆ ಪಾಸ್ ಹಿಡಿದ ತಕ್ಷಣ ನಾಲ್ಕು ಜನ ಮೇಲೆ ಬಿದ್ದು 2 ಗಜ ಹಿಂದಕ್ಕೆ ಕೆಡವಿದರೂ ಅವನಿಗೆ 0.8 ಅಂಕ ಸಿಗುತ್ತದೆ. ನಿಜವಾದ ತಂಡಕ್ಕೆ ನಷ್ಟ, ಸೋಫಾ ಮೇಲೆ ಕೂತವನಿಗೆ ಲಾಭ.

ಈ ಡ್ರಾಫ್ಟಿನಲ್ಲಿ ಎಲ್ಲರೂ ಬಾಯಿ ಬಿಡುವುದು ರನ್ನಿಂಗ್ ಬ್ಯಾಕಿಗೆ, ಅಂದರೆ ಚೆಂಡು ಹಿಡಿದು ಓಡುವ ಆಟಗಾರನಿಗೆ. ಕಾರಣ ಸರಳ. ಅಮೆರಿಕದ ವೃತ್ತಿಪರ ಫುಟ್ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರುವುದು 32 ತಂಡ. ಅರ್ಧಕ್ಕರ್ಧ ತಂಡಗಳು ಓಟದ ಕೆಲಸವನ್ನು ಇಬ್ಬರು ಮೂವರಿಗೆ ಹಂಚಿಬಿಡುತ್ತವೆ. ಪೂರ್ತಿ ಭಾರ ಹೊರುವ ಒಂಟಿ ಆಳು ಸಿಗುವುದು ಬೆರಳೆಣಿಕೆಯಷ್ಟು. ಲೀಗಿನ 12 ಜನಕ್ಕೂ ವಾರವಾರ ಇಬ್ಬಿಬ್ಬರು ಬೇಕು. ಹಾಗಾಗಿ ರೇಷನ್ ಕಮ್ಮಿ, ಕ್ಯೂ ಜಾಸ್ತಿ. ಮೊದಲ ರೌಂಡಿನಲ್ಲಿ ಸಿಗುವವನು ಯಾರಿಗಾದರೂ ಸಿಗುತ್ತಾನೆ, ಅದರಲ್ಲಿ ಜಾಣತನವಿಲ್ಲ. ಜಾಣತನ ಇರುವುದು ಎಂಟನೇ ರೌಂಡಿನಲ್ಲಿ ಯಾರ ಕಣ್ಣಿಗೂ ಬೀಳದವನನ್ನು ಅಗ್ಗಕ್ಕೆ ಹೊಡೆದುಕೊಳ್ಳುವುದರಲ್ಲಿ. ಅವನೇ ಅಂಡರ್‌ವ್ಯಾಲ್ಯೂಡ್ ರನ್ನಿಂಗ್ ಬ್ಯಾಕ್. ಅಮೆರಿಕದ ಅರ್ಧ ಆಫೀಸು ಈಗ ಹುಡುಕುತ್ತಿರುವುದು ಅವನನ್ನೇ.

ತಮಾಷೆ ಶುರುವಾಗುವುದು ಇಲ್ಲಿ. ಯಾರ ಕಣ್ಣಿಗೂ ಬೀಳದವನ ಪಟ್ಟಿ ಎಲ್ಲರ ಫೋನಿನಲ್ಲೂ ಇರುತ್ತದೆ! ತಜ್ಞರು ಬರೆದಿರುತ್ತಾರೆ, ಟಿವಿಯಲ್ಲಿ ಹೇಳಿರುತ್ತಾರೆ, ಆ್ಯಪ್ ಕೂಡ ಹಸಿರು ಬಣ್ಣದಲ್ಲಿ ತೋರಿಸುತ್ತಿರುತ್ತದೆ. ದೇವನಹಳ್ಳಿ ಕಡೆ ಒಂದೇ ಒಂದು ಸೈಟು ಅಗ್ಗಕ್ಕಿದೆ, ನಿಮಗೆ ಮಾತ್ರ ಹೇಳ್ತಿದೀನಿ ಸಾರ್ ಅಂತ ಬ್ರೋಕರ್ ನೂರು ಜನರ ಕಿವಿಯಲ್ಲಿ ಹೇಳಿದರೆ ಆ ಸೈಟಿನ ರೇಟು ಏನಾಗುತ್ತದೆ? ಇಲ್ಲೂ ಅದೇ. ಜುಲೈನಲ್ಲಿ ಹತ್ತನೇ ರೌಂಡಿನವನು, ಆಗಸ್ಟ್ ಮೊದಲ ವಾರ ಎಂಟು, ಡ್ರಾಫ್ಟಿನ ರಾತ್ರಿ ಐದು. ಐದನೇ ರೌಂಡಿನಲ್ಲಿ ಅವನನ್ನು ಎತ್ತಿಕೊಂಡವನು ಮೀಸೆ ತಿರುವಿ ಹೇಳುತ್ತಾನೆ, "ಕದ್ದುಬಿಟ್ಟೆ!" ಉಳಿದ 11 ಜನ ಹಲ್ಲು ಕಡಿಯುತ್ತಾರೆ. ಎಲ್ಲರೂ ಓದಿದ್ದು ಒಂದೇ ಪಟ್ಟಿ, ಅದನ್ನು ಮಾತ್ರ ಯಾರೂ ಒಪ್ಪಿಕೊಳ್ಳುವುದಿಲ್ಲ.

ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಮ್ಮ ಕನ್ನಡದ ಹುಡುಗರೂ ಇದಕ್ಕೆ ಬೀಳುತ್ತಾರೆ. ಮ್ಯಾನೇಜರ್ ಆಡುತ್ತಾನೆ, ಆಡದಿದ್ದರೆ ಸೋಮವಾರ ಬೆಳಿಗ್ಗೆ ಕಾಫಿ ಹತ್ತಿರ ಮಾತೇ ಇರುವುದಿಲ್ಲ, ಅದಕ್ಕೆ ಸೇರಿಕೊಳ್ಳುತ್ತಾರೆ. ಮೊದಲ ವರ್ಷ ಆಟವೇ ಗೊತ್ತಿರುವುದಿಲ್ಲ. ಎರಡನೇ ವರ್ಷ ಊರಿಂದ ಅಪ್ಪ ಫೋನ್ ಮಾಡಿ "ಏನಪ್ಪಾ, ಮಾತಾಡ್ತಾನೇ ಇಲ್ಲ" ಅಂದರೆ "ಇರಿ ಅಪ್ಪಾ, ಹತ್ತೊಂಬತ್ತು ಸೆಕೆಂಡ್ ಅಷ್ಟೇ ಇದೆ, ಬ್ಯಾಕ್ ತಗೋಬೇಕು" ಅನ್ನುತ್ತಾರೆ. ಮಗನಿಗೆ ಬೆನ್ನು ನೋವು ಅಂತ ಅಪ್ಪ ಕೊಟ್ಟಕ್ಕಲ್ ಎಣ್ಣೆ ಪಾರ್ಸೆಲ್ ಮಾಡುತ್ತಾರೆ.

ಈ ಪಟ್ಟಿಗಳ ಯೋಗ್ಯತೆ ನೋಡಬೇಕಾದರೆ 2023ಕ್ಕೆ ಹೋಗಬೇಕು. ಮಿನೆಸೋಟ ತಂಡ ಡಾಲ್ವಿನ್ ಕುಕ್‌ನನ್ನು ಬಿಟ್ಟುಬಿಟ್ಟಿತು. ಅವನ ಹಿಂದೆ ವರ್ಷಗಟ್ಟಲೆ ಕಾದಿದ್ದ ಅಲೆಕ್ಸಾಂಡರ್ ಮ್ಯಾಟಿಸನ್‌ಗೆ ಜಾಗ ಸಿಕ್ಕಿತು. ಕುಕ್ ಗಾಯಗೊಂಡಾಗಲೆಲ್ಲ ಚೆನ್ನಾಗಿ ಓಡಿದ್ದಾನೆ, ಈಗ ಪೂರ್ತಿ ಕೆಲಸ ಇವನದೇ, ಸುಮ್ನೆ ಬಿಡಬೇಡಿ ಅಂತ ಪಂಡಿತರು ಹೇಳಿದರು. ಜನ ಬಿಡಲಿಲ್ಲ. ಪಾಪ, ಆ ಇಡೀ ವರ್ಷ ಅವನು 700 ಗಜ ಓಡಿದ, ಓಡಿ ಹೊಡೆದ ಟಚ್‌ಡೌನ್ ಸೊನ್ನೆ. ಲಾಸ್ ಏಂಜಲೀಸ್ ರಾಮ್ಸ್‌ನ ಕ್ಯಾಮ್ ಏಕರ್ಸ್ ಇನ್ನೊಬ್ಬ ನೆಚ್ಚಿನ ಆಳು. ಮೊದಲ ಪಂದ್ಯದಲ್ಲಿ 22 ಸಲ ಚೆಂಡು ಹಿಡಿದು ಓಡಿದ, ಒಟ್ಟು 29 ಗಜ. ಅಂದರೆ ಸಲಕ್ಕೆ ನಾಲ್ಕು ಅಡಿಯೂ ಇಲ್ಲ. ಅದೇ ತಿಂಗಳು ಅವನನ್ನು ರಾಮ್ಸ್ ಸಾಗಹಾಕಿತು. ಎಲ್ಲಿಗೆ? ಮಿನೆಸೋಟಕ್ಕೆ, ಮ್ಯಾಟಿಸನ್ ಪಕ್ಕದಲ್ಲಿ ಕೂರಲು. ಮೋಸ ಹೋದವರೆಲ್ಲ ಹುಡುಕಲು ಅನುಕೂಲವಾಗಲಿ ಅಂತ ಇಬ್ಬರನ್ನೂ ಒಂದೇ ಕಡೆ ಇಟ್ಟಂತಾಯಿತು.

ಏಕರ್ಸ್ ಜಾಗಕ್ಕೆ ಬಂದವನು ಕೈರೆನ್ ವಿಲಿಯಮ್ಸ್. ಬಹಳಷ್ಟು ಲೀಗುಗಳಲ್ಲಿ ಇವನನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಕುಳ್ಳ, ನಿಧಾನ, ಹಿಂದಿನ ವರ್ಷ ಗಾಯ ಬೇರೆ. ಅವನು 12 ಪಂದ್ಯದಲ್ಲಿ 1,144 ಗಜ ಓಡಿ 12 ಟಚ್‌ಡೌನ್ ಹೊಡೆದ. ಮಯಾಮಿಯ ರಹೀಮ್ ಮೋಸ್ಟರ್ಟ್ ಕಥೆ ಇನ್ನೂ ಚೆನ್ನ. 2015ರಲ್ಲಿ ಎನ್‌ಎಫ್‌ಎಲ್ ತಂಡಗಳ ನಿಜವಾದ ಡ್ರಾಫ್ಟಿನಲ್ಲಿ ಯಾರಿಗೂ ಬೇಡವಾದವನು, ಆಮೇಲೆ ಒಂದರ ಹಿಂದೆ ಒಂದು ತಂಡ ಹೊರಗೆ ಕಳಿಸಿದವನು, ವಯಸ್ಸು 31. ಆ ವರ್ಷ ಓಡಿ 18, ಪಾಸ್ ಹಿಡಿದು 3, ಒಟ್ಟು 21 ಟಚ್‌ಡೌನ್. ಇವರಿಬ್ಬರನ್ನು ಕಂಡುಹಿಡಿದ ತಜ್ಞರು ಎಷ್ಟು ಜನ ಅಂತ ಕೇಳಬೇಡಿ. ಸೀಸನ್ ಮುಗಿದ ಮೇಲೆ ಎಲ್ಲರೂ "ನಾನು ಆಗಲೇ ಹೇಳಿದ್ದೆ" ಪಂಗಡದವರೇ.

ಇಷ್ಟಾದ ಮೇಲೆ ಸಿದ್ಧಾಂತಗಳು ಹುಟ್ಟದೆ ಇರುತ್ತವಾ? ಮೊದಲ ರೌಂಡುಗಳಲ್ಲಿ ಒಬ್ಬನೇ ಒಬ್ಬ ರನ್ನಿಂಗ್ ಬ್ಯಾಕನ್ನೂ ಮುಟ್ಟಬೇಡಿ ಅನ್ನುವುದು ಜೀರೋ ಆರ್‌ಬಿ. ಒಬ್ಬನನ್ನು ಮಾತ್ರ ಮುಟ್ಟಿ ಅನ್ನುವುದು ಹೀರೋ ಆರ್‌ಬಿ. ಮೂರರಿಂದ ಆರನೇ ರೌಂಡಿನ ತನಕ ಸಿಗುವವರೆಲ್ಲ ದಂಡ, ಅದಕ್ಕೆ ಡೆಡ್ ಝೋನ್ ಅಂತ ಹೆಸರು. ನಿಮ್ಮ ಓಟಗಾರನ ಕಾಲು ಮುರಿದರೆ ಇರಲಿ ಅಂತ ಅದೇ ತಂಡದ ಅವನ ಬದಲಿಯನ್ನೂ ಕಟ್ಟಿಕೊಳ್ಳುವುದು ಹ್ಯಾಂಡ್‌ಕಫ್. ದ್ವೈತ, ಅದ್ವೈತ, ವಿಶಿಷ್ಟಾದ್ವೈತಕ್ಕೂ ಇಷ್ಟು ಜಗಳ ಆಗಿರಲಿಕ್ಕಿಲ್ಲ. ಎಲ್ಲ ಮತದವರೂ ಭಾನುವಾರ ಸಂಜೆ ಗಾಯಾಳು ಪಟ್ಟಿಯ ಮುಂದೆ ಒಟ್ಟಿಗೆ ಅಳುತ್ತಾರೆ.

2024ರಲ್ಲಿ ಎಲ್ಲರಿಗಿಂತ ಮೊದಲು ಆರಿಸಬೇಕಾದವನು ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಶ್ಚಿಯನ್ ಮೆಕ್ಯಾಫ್ರಿ ಅಂತ ಪಂಡಿತರಲ್ಲಿ ಬಹುತೇಕ ಒಮ್ಮತವಿತ್ತು. ಒಮ್ಮತ ಅಂದರೆ ಹೆದರಬೇಕು. ಹಿಮ್ಮಡಿ ಸ್ನಾಯುರಜ್ಜಿನ ತೊಂದರೆ, ಆಡಿದ್ದು 4 ಪಂದ್ಯ. ಮೊದಲ ಪಂದ್ಯದಲ್ಲಿ ಅವನ ಬದಲು ಇಳಿದ ಜೋರ್ಡನ್ ಮೇಸನ್ 28 ಸಲ ಓಡಿ 147 ಗಜ ಹೊಡೆದ. ಮಾರನೇ ದಿನ ಮೇಸನ್‌ಗಾಗಿ ದೇಶಕ್ಕೆ ದೇಶವೇ ಮುಗಿಬಿತ್ತು. ಡಿಸೆಂಬರ್ ಹೊತ್ತಿಗೆ ಮೇಸನ್ನೂ ಗಾಯಾಳು ಪಟ್ಟಿಯಲ್ಲಿ. ಇನ್ನೊಂದು ಕಡೆ, 30 ದಾಟಿದ ಓಟಗಾರ ಮುಗಿದ, ತಲೆ ಹೋದರೂ ತಗೋಬೇಡಿ ಅನ್ನುವ ವೇದವಾಕ್ಯ ಇತ್ತಲ್ಲ, ಬಾಲ್ಟಿಮೋರ್‌ಗೆ ಹೊಸದಾಗಿ ಬಂದ 30ರ ಡೆರಿಕ್ ಹೆನ್ರಿ ಆ ವರ್ಷ 1,921 ಗಜ ಓಡಿದ. ವೇದವಾಕ್ಯ ಬರೆದವರು ಅದಕ್ಕೊಂದು ಉಪವಾಕ್ಯ ಸೇರಿಸಿಕೊಂಡು ಮುಂದೆ ಹೋದರು.

ಹೀಗೆ ಎಲ್ಲರೂ ಅಗ್ಗದ ಓಟಗಾರನಿಗಾಗಿ ಪರದಾಡುತ್ತಿರುವಾಗ, ನಿಜವಾಗಿ ಅವನನ್ನು ಅಗ್ಗ ಮಾಡಿಟ್ಟವರು ಯಾರು? ತಂಡಗಳ ಮಾಲೀಕರು. ಅವರಿಗೆ ಯಾವ ಪಟ್ಟಿಯೂ ಬೇಕಾಗಿಲ್ಲ. ಒಪ್ಪಂದ ಮುಗಿದ ಆಟಗಾರನನ್ನು ಇನ್ನೊಂದು ವರ್ಷ ಕಟ್ಟಿಹಾಕಲು ಫ್ರಾಂಚೈಸ್ ಟ್ಯಾಗ್ ಅಂತ ಒಂದು ಹಗ್ಗ ಇದೆ. 2023ರಲ್ಲಿ ಅದರ ಬೆಲೆ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕಿಗೆ 3 ಕೋಟಿ 24 ಲಕ್ಷ ಡಾಲರ್, ಅದನ್ನು ಹಿಡಿಯುವ ವೈಡ್ ರಿಸೀವರಿಗೆ 1 ಕೋಟಿ 97 ಲಕ್ಷ, ರನ್ನಿಂಗ್ ಬ್ಯಾಕಿಗೆ 1 ಕೋಟಿ 1 ಲಕ್ಷ. ಮೈದಾನದ ಮಧ್ಯದಲ್ಲಿ ನೂರೈವತ್ತು ಕಿಲೋ ಆಳುಗಳ ನಡುವೆ ತಲೆ ತೂರಿಸುವವನಿಗೆ ಇಷ್ಟು. ಆಟಗಾರರ ಸಂಘದ ಲೆಕ್ಕದಲ್ಲಿ ಇವರ ವೃತ್ತಿಜೀವನ ಸರಾಸರಿ ಎರಡೂವರೆ ವರ್ಷ, ನಮ್ಮಲ್ಲಿ ಫ್ಲೈಓವರ್ ಕಂಬ ಏಳುವುದಕ್ಕೂ ಅಷ್ಟು ಸಾಲದು. ಆ ಜುಲೈನಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಸೇಕ್ವಾನ್ ಬಾರ್ಕ್ಲಿಗೂ ಲಾಸ್ ವೇಗಸ್‌ನ ಜಾಶ್ ಜೇಕಬ್ಸ್‌ಗೂ ದೀರ್ಘ ಒಪ್ಪಂದ ಸಿಗಲಿಲ್ಲ. ಇನ್ನೊಬ್ಬ ಓಟಗಾರ ಆಸ್ಟಿನ್ ಎಕೆಲರ್ ಒಂದು ಝೂಮ್ ಕಾಲ್ ಕರೆದ. ದೇಶದ ದೊಡ್ಡ ದೊಡ್ಡ ರನ್ನಿಂಗ್ ಬ್ಯಾಕುಗಳೆಲ್ಲ ಕೂತು ನಮಗೆ ಸಂಬಳ ಯಾಕೆ ಕಮ್ಮಿ ಅಂತ ಚರ್ಚಿಸಿದರು. ಪಾಪ, ಲ್ಯಾಪ್‌ಟಾಪ್ ಮುಂದೆ ಕೂತು ಸಂಬಳದ ಬಗ್ಗೆ ಗೊಣಗುವ ಕೆಲಸವನ್ನು ನಮ್ಮ ಐಟಿ ಹುಡುಗರಿಂದಲೂ ಕಿತ್ತುಕೊಂಡರು.

ಮುಂದಿನ ವರ್ಷ ಜೈಂಟ್ಸ್ ಬಾರ್ಕ್ಲಿಯನ್ನು ಬಿಟ್ಟುಕೊಟ್ಟಿತು. ಅವನು ಫಿಲಡೆಲ್ಫಿಯಾಗೆ ಹೋದರೆ ನನಗೆ ನಿದ್ದೆ ಬರುವುದು ಕಷ್ಟ ಅಂತ ಮಾಲೀಕ ಜಾನ್ ಮಾರಾ ಟಿವಿ ಕ್ಯಾಮೆರಾ ಎದುರಿನಲ್ಲೇ ಹೇಳಿಕೊಂಡಿದ್ದರು. ಹೋಗಿದ್ದು ಫಿಲಡೆಲ್ಫಿಯಾಗೇ. 2024ರಲ್ಲಿ 2,005 ಗಜ ಓಡಿದ, 2025ರ ಫೆಬ್ರವರಿ 9ರಂದು, ತನ್ನ ಹುಟ್ಟಿದ ದಿನವೇ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಫ್ಯಾಂಟಸಿಯವರು ಇದರಿಂದ ಕಲಿತ ಪಾಠ ಒಂದೇ: ಬಾರ್ಕ್ಲಿ ಈಗ ದುಬಾರಿ, ಹಾಗಾಗಿ ಬೇರೆ ಯಾರಾದರೂ ಅಗ್ಗದವನನ್ನು ನೋಡಿ.

ಮತ್ತೆ ಮ್ಯಾಟಿಸನ್ ವಿಷಯ. ಅಗ್ಗಕ್ಕೆ ಸಿಕ್ಕವನು ಹೇಳಿದಷ್ಟು ಓಡದಿದ್ದರೆ ಏನಾಗುತ್ತದೆ ಅಂತ ಆ 2023ರ ಸೆಪ್ಟೆಂಬರ್‌ನಲ್ಲೇ ಗೊತ್ತಾಯಿತು. ಫಿಲಡೆಲ್ಫಿಯಾ ವಿರುದ್ಧ ಸೋತ ರಾತ್ರಿ ಅವನಿಗೆ ಬಂದ ಸಂದೇಶಗಳನ್ನು ಅವನೇ ಹೊರಗೆ ಹಾಕಿದ. ಬಣ್ಣದ ಹೆಸರಿನಲ್ಲಿ ಬೈಗುಳ, ಸಾಯಿ ಅನ್ನುವ ಮಾತು. ಬರೆದವರು ಅವನಿಗೆ ಒಂದು ಡಾಲರ್ ಸಂಬಳ ಕೊಟ್ಟವರಲ್ಲ. ಬೆಂಚಿನಲ್ಲಿ ಕೂರಿಸುವ ಗುಂಡಿ ಒತ್ತಲು ಬರುತ್ತದೆ ಅಂದ ಮಾತ್ರಕ್ಕೆ ತಾವೇ ಅವನ ಯಜಮಾನರು ಅಂದುಕೊಂಡವರು. ನನಗೆ ಇದರಲ್ಲಿ ನಗು ಬರುವುದಿಲ್ಲ. 2011ರಲ್ಲೇ ಇನ್ನೊಬ್ಬ ಓಟಗಾರ ಏರಿಯನ್ ಫಾಸ್ಟರ್ ತನ್ನ ಗಾಯದ ಬಗ್ಗೆ ಬರೆಯುತ್ತಾ, ಫ್ಯಾಂಟಸಿ ತಂಡದ ಚಿಂತೆಯಲ್ಲಿರುವವರೇ ನಿಮಗೆ ರೋಗ ಅಂತ ಟ್ವಿಟರ್‌ನಲ್ಲಿ ನೇರವಾಗಿ ಹೇಳಿದ್ದ. ರೋಗಿಗಳಿಗೆ ಕೋಪ ಬಂತು. (ಅಂದ ಹಾಗೆ ಫಾಸ್ಟರ್ ಕೂಡ ಯಾವ ತಂಡವೂ ಆರಿಸದೆ ಬಿಟ್ಟಿದ್ದ ಹುಡುಗ. 2010ರಲ್ಲಿ 1,616 ಗಜ ಓಡಿ ಇವರಿಗೆಲ್ಲ ಲೀಗ್ ಗೆದ್ದುಕೊಟ್ಟಿದ್ದ.)

ಆಟಗಾರ ಬುದ್ಧಿ ಉಪಯೋಗಿಸಿದರಂತೂ ಕೆಲಸ ಕೆಟ್ಟಿತು. 2007ರ ಡಿಸೆಂಬರ್‌ನಲ್ಲಿ ಡಲ್ಲಾಸ್ ಎದುರು ಫಿಲಡೆಲ್ಫಿಯಾದ ಬ್ರಯಾನ್ ವೆಸ್ಟ್‌ಬ್ರೂಕ್ ಗೆರೆಗೆ ಒಂದೇ ಗಜ ಇರುವಾಗ ಬೇಕಂತಲೇ ನಿಂತು ಬಿದ್ದ. ಟಚ್‌ಡೌನ್ ಹೊಡೆದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತಿತ್ತು. ಬಿದ್ದಿದ್ದರಿಂದ ಸಮಯ ಮುಗಿಯಿತು, ತಂಡ 10-6ರಲ್ಲಿ ಗೆದ್ದಿತು. ಫಿಲಡೆಲ್ಫಿಯಾ ಕುಣಿಯಿತು, ಅವನನ್ನು ಆರಿಸಿದವರೆಲ್ಲ 6 ಅಂಕ ಹೋಯಿತು ಅಂತ ಎದೆ ಬಡಿದುಕೊಂಡರು. ಉಲ್ಟಾ ನೋಡಬೇಕಾದರೆ 2020ರ ಟಾಡ್ ಗರ್ಲಿ. ಅಟ್ಲಾಂಟಾ ಪರವಾಗಿ ಅವನೂ ಹಾಗೇ ನಿಲ್ಲಲು ಹೋದ, ಆದರೆ ಜಾರಿ ಗೆರೆಯೊಳಗೇ ಬಿದ್ದ. ಟಚ್‌ಡೌನ್! ಉಳಿದ ಒಂದು ನಿಮಿಷದಲ್ಲಿ ಡೆಟ್ರಾಯಿಟ್ ಬಂದು 23-22ಕ್ಕೆ ಪಂದ್ಯ ಎತ್ತಿಕೊಂಡು ಹೋಯಿತು. ಅವನ ತಂಡ ಸೋತಿತು, ಅವನ ಕಾಲ್ಪನಿಕ ಮಾಲೀಕರು ಪಟಾಕಿ ಹೊಡೆದರು.

ಇಷ್ಟೆಲ್ಲ ಓದಿ, ಲೆಕ್ಕ ಹಾಕಿ, ಕೊನೆಗೆ ಲೀಗಿನಲ್ಲಿ ಒಬ್ಬ ಕೊನೆಯವನಾಗಲೇಬೇಕು. ಅವನಿಗೆ ಶಿಕ್ಷೆ ಉಂಟು. ಹೆಚ್ಚು ಪ್ರಸಿದ್ಧವಾದದ್ದು ವಾಫಲ್ ಹೌಸ್ ಶಿಕ್ಷೆ. ಆ ಹೋಟೆಲು ಹಗಲು ರಾತ್ರಿ ತೆರೆದಿರುತ್ತದೆ. ಸೋತವನು 24 ಗಂಟೆ ಅಲ್ಲಿ ಕೂರಬೇಕು, ತಿಂದ ಒಂದೊಂದು ವಾಫಲ್‌ಗೆ ಒಂದೊಂದು ಗಂಟೆ ಮಾಫಿ. ಅಟ್ಲಾಂಟಾದಲ್ಲಿರುವ ನಮ್ಮ ಹಾಸನದ ಕಡೆಯವರೊಬ್ಬರು ಇದನ್ನು ಅನುಭವಿಸಿದ್ದಾರೆ. ಏಳು ವಾಫಲ್ ತಿಂದರು, ಎಂಟನೆಯದಕ್ಕೆ ಹೊಟ್ಟೆ ಒಪ್ಪಲಿಲ್ಲ, ಹದಿನೇಳು ಗಂಟೆ ಕೂತರು. ಸುಮ್ನೆ ಕೂತಿರಲಿಲ್ಲ, ಮುಂದಿನ ವರ್ಷಕ್ಕೆ ಅಂತ ನಾಲ್ಕು ಅಗ್ಗದ ಓಟಗಾರರನ್ನು ಹುಡುಕಿಟ್ಟುಕೊಂಡು ಎದ್ದರು. ಆ ನಾಲ್ವರಲ್ಲಿ ಒಬ್ಬ ಆಗಲೇ ನಿವೃತ್ತನಾಗಿದ್ದ. ಸಾರ್, ಇವನು ಆಟ ಬಿಟ್ಟಾಯ್ತಲ್ಲ ಅಂದರೆ, ಅವರು ಫೋನಿನಿಂದ ತಲೆಯನ್ನೂ ಎತ್ತದೆ ಹೇಳಿದರು: "ಅದಕ್ಕೇ ಅಲ್ವಾ ಇಷ್ಟು ಅಗ್ಗ."