ಲಂಡನ್ನಿನ ಸೈಕಲ್ಲು, ಬೆಂಗಳೂರಿನ ಹಾರ್ನು

ಕಳೆದ ವಾರ ಬೆಳಗ್ಗೆ ಮನೆ ಬಿಡುವ ಹೊತ್ತಿಗೆ ಸರಿಯಾಗಿ ಆಫೀಸಿನಿಂದ ಒಂದು ಈಮೇಲ್ ಬಂತು. ತಪ್ಪು ಯಾರದ್ದೋ, ಹೆಸರು ನನ್ನದು. ಮೈಯೆಲ್ಲ ಉರಿಯಿತು. ಲಂಡನ್ನಿನ ಸ್ಟಾಕ್‌ವೆಲ್‌ನಿಂದ ಸೈಕಲ್ ಹತ್ತಿ ಹೊರಟಾಗ ತಲೆಯಲ್ಲಿ ಉತ್ತರದ ಮೊದಲ ಸಾಲು ರೆಡಿ ಇತ್ತು. ಒಳ್ಳೇ ಖಾರವಾದ ಸಾಲು. ಕೆನಿಂಗ್ಟನ್ ದಾಟುವಾಗ ಎರಡನೇ ಸಾಲಿಗೆ ಬಂದಿದ್ದೆ. ಎಲಿಫೆಂಟ್ ಆ್ಯಂಡ್ ಕ್ಯಾಸಲ್ ಹತ್ತಿರ ಸ್ಟಾಪಿನಲ್ಲಿ ನಿಂತಿದ್ದ ಡಬಲ್ ಡೆಕರ್ ಬಸ್ಸಿನ ಮುಂದಿನ ಚಕ್ರ ಒಂಚೂರು ಬಲಕ್ಕೆ ತಿರುಗಿತು. ನನ್ನ ಹಿಂದೆಯೇ ಒಂದು ವ್ಯಾನು. ಬ್ರೇಕ್ ಹಿಡಿದೆ, ಬಸ್ಸಿಗೆ ದಾರಿ ಬಿಟ್ಟೆ, ಮುಂದಕ್ಕೆ ತುಳಿದೆ. ಬ್ಲ್ಯಾಕ್‌ಫ್ರೈಯರ್ಸ್ ಸೇತುವೆ ದಾಟಿ ಫ್ಯಾರಿಂಗ್ಡನ್‌ನಲ್ಲಿ ಸೈಕಲ್ಲಿಗೆ ಬೀಗ ಹಾಕುವಾಗ ನೋಡಿದರೆ ಆ ಖಾರದ ಸಾಲು ಏನಿತ್ತು ಅಂತಲೇ ನೆನಪಿಲ್ಲ. ಎರಡು ಸಾಲಿನ ಸಾದಾ ಉತ್ತರ ಬರೆದು ಕಳಿಸಿದೆ.

ಪಾರ್ಕಿನಲ್ಲಿ ಸೈಕಲ್ ತುಳಿದರೆ ಮನಸ್ಸು ತಿಳಿಯಾಗುತ್ತದೆ ಅಂತಾರೆ. ನನಗೆ ಹಾಗಾಗುವುದಿಲ್ಲ. ಖಾಲಿ ದಾರಿಯಲ್ಲಿ ಕಾಲು ತನ್ನಪಾಡಿಗೆ ತುಳಿಯುತ್ತದೆ, ತಲೆ ತನ್ನಪಾಡಿಗೆ ಹಳೇ ಜಗಳ ಮೆಲುಕು ಹಾಕುತ್ತದೆ. ಟ್ರಾಫಿಕ್ಕಿನಲ್ಲಿ ಅದಕ್ಕೆ ಪುರುಸೊತ್ತೇ ಇಲ್ಲ. ನಿಂತ ಕಾರಿನ ಕನ್ನಡಿಯಲ್ಲಿ ಒಂದು ತಲೆ ಕಂಡರೆ ಬಾಗಿಲು ತೆರೆಯಬಹುದು ಅಂತ ಅರ್ಥ. ಲಾರಿಯ ಎಡಪಕ್ಕಕ್ಕೆ ನುಗ್ಗಬಾರದು, ಡ್ರೈವರಿಗೆ ನಾವು ಕಾಣುವುದೇ ಇಲ್ಲ. ಫೋನ್ ನೋಡುತ್ತಾ ರಸ್ತೆಗಿಳಿಯುವವರು ಬೇರೆ. ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. 25 ನಿಮಿಷ ಕಣ್ಣು, ಕಿವಿ, ಕೈ ಎಲ್ಲಾ ಹೊರಗಡೆಯೇ ಇರುತ್ತವೆ. ಒಳಗೆ ಕೂತು ಕೊರಗುವುದಕ್ಕೆ ಆಳು ಉಳಿಯುವುದಿಲ್ಲ.

ಅಂದಹಾಗೆ, ಈ ಮುಂದಿನ ಚಕ್ರ ನೋಡುವ ವಿದ್ಯೆ ಲಂಡನ್ನಿನದ್ದಲ್ಲ. ಬೆಂಗಳೂರಿನಲ್ಲಿ ಭಾವ ಹೇಳಿಕೊಟ್ಟಿದ್ದು. "ಆಟೋದವನ ಇಂಡಿಕೇಟರ್ ನಂಬಬೇಡ, ಕೈ ನಂಬಬೇಡ, ಮುಂದಿನ ಚಕ್ರ ಎತ್ತ ತಿರುಗುತ್ತೆ ನೋಡು" ಅನ್ನುತ್ತಿದ್ದರು. ಇಲ್ಲಿಗೆ ಬರುವ ಮುಂಚೆ ಎರಡು ವರ್ಷ ಜಯನಗರದಿಂದ ದೊಮ್ಮಲೂರಿಗೆ ಸೈಕಲ್ಲಲ್ಲೇ ಹೋಗುತ್ತಿದ್ದೆ. ಡೈರಿ ಸರ್ಕಲ್, ಆಡುಗೋಡಿ, ಕೋರಮಂಗಲ, ಇನ್ನರ್ ರಿಂಗ್ ರೋಡ್. ಅಲ್ಲೂ ಗಮನ ಪೂರ್ತಿ ರಸ್ತೆ ಮೇಲೆಯೇ ಇರುತ್ತಿತ್ತು. ಆದರೆ ಆಫೀಸಿಗೆ ಹೋದಮೇಲೆ ತಲೆ ಹಗುರ ಆಗುತ್ತಿರಲಿಲ್ಲ. ಒಂದು ಸಲ ಡೈರಿ ಸರ್ಕಲ್ ಹತ್ತಿರ ನೀರಿನ ಟ್ಯಾಂಕರೊಂದು ಹ್ಯಾಂಡಲ್ಲಿಗೆ ಸವರಿಕೊಂಡೇ ಹೋಯಿತು. ಬೀಳಲಿಲ್ಲ. ಟ್ಯಾಂಕರಿನಿಂದ ತೊಟ್ಟಿಕ್ಕುತ್ತಿದ್ದ ನೀರು ಮೊಣಕೈ ಮೇಲೆ ಬಿತ್ತು, ಅಷ್ಟೇ. ಆದರೆ ಅವತ್ತು ಮಧ್ಯಾಹ್ನದವರೆಗೂ ಕೀಬೋರ್ಡಿನ ಮೇಲೆ ಬೆರಳು ನಡುಗುತ್ತಿದ್ದವು. ರಾತ್ರಿ ಕನಸಿನಲ್ಲೂ ಅದೇ ಟ್ಯಾಂಕರು.

ನನ್ನ ವಾದ ಇಷ್ಟೇ. ಎಚ್ಚರ ಬೇರೆ, ಭಯ ಬೇರೆ. ಎಚ್ಚರ ಕೆಲಸ ಮುಗಿದ ತಕ್ಷಣ ಇಳಿದು ಹೋಗುತ್ತದೆ. ಭಯ ನಮ್ಮ ಜೊತೆ ಆಫೀಸಿನೊಳಕ್ಕೂ ಬರುತ್ತದೆ. ಟ್ರಾಫಿಕ್ಕಿನಲ್ಲಿ ಸೈಕಲ್ ಹೊಡೆದರೆ ಮನಸ್ಸಿಗೆ ಒಳ್ಳೆಯದು ಅಂತ ಸುಮ್ನೆ ಹೇಳಿದರೆ ಅರ್ಧ ಸತ್ಯ. ಎಂಥಾ ಟ್ರಾಫಿಕ್ಕು ಅನ್ನುವುದೂ ಮುಖ್ಯ ಅಲ್ವಾ?

2024ರಲ್ಲಿ ಎಡಿನ್‌ಬರೋ, ಗ್ಲಾಸ್ಗೋ ಜನರ ಬಗ್ಗೆ ಒಂದು ಅಧ್ಯಯನ ಬಂತು. ಸುಮಾರು 3.78 ಲಕ್ಷ ಜನರ ಲೆಕ್ಕ. ಸೈಕಲ್ಲಲ್ಲಿ ಕೆಲಸಕ್ಕೆ ಹೋಗುವವರು ಖಿನ್ನತೆ, ಆತಂಕಕ್ಕೆ ಔಷಧಿ ಬರೆಸಿಕೊಳ್ಳುವುದು ಮುಂದಿನ 5 ವರ್ಷಗಳಲ್ಲಿ ಶೇ 15ರಷ್ಟು ಕಡಿಮೆ ಅಂತ ಅದರಲ್ಲಿದೆ. ಎಲ್ಲರೂ ಹೇಳುವುದು ಈ 15ನ್ನೇ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಮಾತು. ಲೆಕ್ಕಕ್ಕೆ ಹಿಡಿದವರು ಸೈಕಲ್ ದಾರಿಯಿಂದ ಸುಮಾರು ಒಂದು ಮೈಲಿಯೊಳಗೆ ಇರುವವರು. ಅಂದರೆ ಅವರಿಗೆ ದಾರಿ ಇತ್ತು. 2019ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 50 ದಾಟಿದವರಿಗೆ 8 ವಾರ ಸೈಕಲ್ ಕೊಟ್ಟು ನೋಡಿದರು, ಕೆಲವರಿಗೆ ಮಾಮೂಲಿ, ಕೆಲವರಿಗೆ ಬ್ಯಾಟರಿಯದ್ದು. ತಲೆ ಚುರುಕಾದದ್ದು ಇಬ್ಬರಿಗೂ. ಬೆವರಿನಿಂದ ಮಾತ್ರ ಬರುವ ಲಾಭ ಆಗಿದ್ದರೆ ಬ್ಯಾಟರಿಯವರಿಗೆ ಸಿಗಬಾರದಿತ್ತು.

ಹಾಗಂತ ಲಂಡನ್ ಸ್ವರ್ಗ ಏನಲ್ಲ. ನವೆಂಬರಿನ ಮಳೆಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾದಾಗ ಯಾವ ಅಧ್ಯಯನವೂ ನೆನಪಿಗೆ ಬರುವುದಿಲ್ಲ. ಕಿಟಕಿ ಇಳಿಸಿ ಬೈದು ಹೋಗುವವರೂ ಇದ್ದಾರೆ. ಸೈಕಲ್ಲಿನವರಿಗೂ ಒಂದು ರೋಗ ಇದೆ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು, ಮನೆಗೆ ಬಂದು, ಯಾರು ಎಷ್ಟು ಹತ್ತಿರ ಬಂದರು ಅಂತ ರಾತ್ರಿಯೆಲ್ಲ ವಿಡಿಯೊ ನೋಡುವುದು. ನಾನೂ ಆರು ತಿಂಗಳು ಅದನ್ನೇ ಮಾಡಿದೆ. ರಸ್ತೆ ಬಿಟ್ಟರೂ ರಸ್ತೆ ನನ್ನನ್ನು ಬಿಟ್ಟಿರಲಿಲ್ಲ. ಕ್ಯಾಮೆರಾ ಈಗ ಡ್ರಾಯರಿನಲ್ಲಿದೆ.

ಆದರೆ ಇಲ್ಲಿ ಮುಂದೇನಾಗುತ್ತದೆ ಅಂತ ಊಹಿಸಬಹುದು. ಸಿಗ್ನಲ್ಲಿನಲ್ಲಿ ಕಾರುಗಳ ಮುಂದೆ ಸೈಕಲ್ಲಿಗೆ ಅಂತಲೇ ಗೆರೆ ಎಳೆದ ಜಾಗ ಇರುತ್ತದೆ. ಕೆಲವು ಕಡೆ ನಮ್ಮ ಪುಟ್ಟ ಹಸಿರು ದೀಪ ಮೊದಲೇ ಹತ್ತುತ್ತದೆ. ಸೈಕಲ್ಲನ್ನು ದಾಟುವಾಗ ಕನಿಷ್ಠ 1.5 ಮೀಟರ್ ಬಿಡಬೇಕು ಅಂತ 2022ರಲ್ಲಿ ಹೈವೇ ಕೋಡಿಗೆ, ಅಂದರೆ ಇಲ್ಲಿನ ರಸ್ತೆ ನಿಯಮಗಳ ಪುಸ್ತಕಕ್ಕೆ, ಸೇರಿಸಿದರು. ಎಲ್ಲರೂ ಬಿಡುತ್ತಾರೆ ಅಂತಲ್ಲ. ಬಿಡದವನು ತಪ್ಪು ಮಾಡಿದ ಅಂತ ಅವನಿಗೂ ಗೊತ್ತಿರುತ್ತದೆ. ಊರಲ್ಲಿ ಟ್ಯಾಂಕರಿನವನಿಗೆ ಹಾಗನಿಸಿರಲಿಕ್ಕಿಲ್ಲ. ಅವನ ಲೆಕ್ಕದಲ್ಲಿ ನಾನೇ ಅಡ್ಡ ಬಂದವನು. ಅಮ್ಮ ಕೂಡ ಈಗಲೂ ಫೋನಿನಲ್ಲಿ ಕೇಳುತ್ತಾಳೆ, "ಇನ್ನೂ ಸೈಕಲ್ಲೇನೋ? ಒಂದು ಕಾರು ತಗೊಳ್ಳೋಕೆ ಏನಾಗಿದೆ ನಿನಗೆ?" ಸೈಕಲ್ಲು ಅಂದರೆ ಬೇರೆ ಗತಿ ಇಲ್ಲದವರದ್ದು ಅನ್ನುವುದು ನಮ್ಮಲ್ಲಿ ಇನ್ನೂ ಹೋಗಿಲ್ಲ. ರಸ್ತೆಯಲ್ಲಿ ಜಾಗ ಸಿಗದಿರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನುಮಾನ.

ಹಾರ್ನಿನ ವಿಷಯ ಮಾತ್ರ ಸ್ವಲ್ಪ ತಮಾಷೆಯದ್ದು. ಇಲ್ಲಿ ನಿಂತ ಗಾಡಿಯಿಂದ ಹಾರ್ನ್ ಹೊಡೆಯುವಂತಿಲ್ಲ, ಅಪಾಯ ಇದ್ದರೆ ಮಾತ್ರ. ಮನೆಗಳಿರುವ ಕಡೆ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ಓಡುವ ಗಾಡಿಗೂ ಅದೇ ನಿಯಮ. ಹಾಗಾಗಿ ಹಾರ್ನ್ ಕೇಳಿತು ಅಂದರೆ ಒಂದೋ ಅಪಾಯ, ಇಲ್ಲವೇ ಬೈಗುಳ. ಬೆಂಗಳೂರಿನಲ್ಲಿ ಅದು ಮಾತು. "ಹಿಂದೆ ಇದ್ದೀನಿ", "ಬರ್ತಾ ಇದ್ದೀನಿ", "ಸ್ವಲ್ಪ ಎಡಕ್ಕೆ ಸರಿ". ಬಂದ ಹೊಸದರಲ್ಲಿ ಹಿಂದೊಬ್ಬ ಹಾರ್ನ್ ಹೊಡೆದಾಗ ನಾನು ಸುಮ್ನೆ ಒಂಚೂರು ಎಡಕ್ಕೆ ಸರಿದು ಕೈ ಎತ್ತಿ ಥ್ಯಾಂಕ್ಸ್ ಹೇಳಿದ್ದೆ. ಮುಂದಿನ ಸಿಗ್ನಲ್ಲಿನಲ್ಲಿ ಅವನ ಮುಖ ನೋಡಬೇಕಿತ್ತು.

ಹೋದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಇದು ತಿರುಗಾಮುರುಗಾ ಆಯಿತು. ಭಾವನ ಸೈಕಲ್ ತಗೊಂಡು ಜಯನಗರದೊಳಗೇ ಒಂದು ಸುತ್ತು ಹೊರಟೆ. ಪ್ರತಿ ಹಾರ್ನಿಗೂ ಬೆಚ್ಚಿ ಬೀಳುತ್ತಿದ್ದೆ, ಯಾರೋ ನನ್ನನ್ನೇ ಬೈದ ಹಾಗೆ. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಹಿಂದಿನಿಂದ ಸಣ್ಣದಾಗಿ ಪೀಂ ಅಂದಿತು. ತಿರುಗಿ ನೋಡದೆ ಎಡಕ್ಕೆ ಸರಿದೆ, ಸ್ಕೂಟರಿನವರು ಹೋದರು. ಆಮೇಲೆ ಧೈರ್ಯ ಬಂದು ಸೌತ್ ಎಂಡ್ ಸರ್ಕಲ್ ತನಕ ಹೋಗಿ ಬಂದೆ. ಡೈರಿ ಸರ್ಕಲ್ ಕಡೆಗೆ ಮಾತ್ರ ಹೋಗಲಿಲ್ಲ.