ಹಾಲು ಸಾಲ್ತಿಲ್ಲ ಅಂತ ಹೇಳಿದ್ದು ಯಾರು?

ಮಗಳಿಗೆ ಆಗ ಮೂರು ವಾರ. ಸಂಜೆಯಾದರೆ ಸಾಕು, ಒಂದೇ ಸಮನೆ ಅಳು. ಕುಡಿಸಿ ಮಲಗಿಸಿದರೆ ಅರ್ಧ ಗಂಟೆಗೆ ಮತ್ತೆ ಎದೆಗೆ ಬಾಯಿ ಹಾಕುತ್ತಿದ್ದಳು. ಮೂರನೇ ದಿನ ನನ್ನ ಹೆಂಡತಿ ಸೋತು ಹೋಗಿ, "ನಂಗೆ ಹಾಲು ಸಾಲ್ತಿಲ್ಲ ಅನ್ಸುತ್ತೆ, ಪುಡಿ ಹಾಲು ತಂದುಬಿಡಿ" ಅಂದಳು.

ಅವಳು ಎಂಜಿನಿಯರ್. ಆಸ್ಪತ್ರೆಯವರು ಕೊಟ್ಟಿದ್ದ ದಪ್ಪ ಪುಸ್ತಿಕೆಯನ್ನು ಎರಡು ಸಲ ಓದಿದ್ದಳು. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆ 2 ವರ್ಷ ಅಥವಾ ಅದಕ್ಕೂ ಜಾಸ್ತಿ ಅನ್ನುವ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಬಾಯಿಪಾಠವಾಗಿತ್ತು. ಆದರೆ ಆ ಪುಸ್ತಿಕೆ ಇದ್ದಿದ್ದು ಕರ್ನಾಟಕದ ಹೊರಗೆ ನಾವಿರುವ ಇಲ್ಲಿಯ ಭಾಷೆಯಲ್ಲಿ. ನಮಗೆ ಓದೋಕೆ ಬರುತ್ತದೆ. ರಾತ್ರಿ ಒಂಬತ್ತಕ್ಕೆ, ಅಳುತ್ತಿರುವ ಮಗುವನ್ನು ಎತ್ತಿಕೊಂಡು, ಆ ಭಾಷೆಯಲ್ಲಿ ಭಯ ಹೇಳಿಕೊಳ್ಳೋಕೆ ಬರುವುದಿಲ್ಲ.

ಕರ್ನಾಟಕದಲ್ಲಿರುವ ತಂಗಿಗೆ ಫೋನ್ ಮಾಡಿದೆವು. ಅವಳು ಓದಿದ್ದು ಪಿಯುಸಿ. ಮಗನಿಗೆ ಎರಡು ವರ್ಷದವರೆಗೆ ಹಾಲು ಕುಡಿಸಿದವಳು. ಅವಳು ಸಮಾಧಾನ ಹೇಳಲಿಲ್ಲ, ಪ್ರಶ್ನೆ ಕೇಳಿದಳು. "ಅತ್ತಿಗೆ, ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡ್ತಾಳೆ?" ಏಳೆಂಟು ಸಲ. "ತೂಕ?" ಏರಿದೆ. "ಮತ್ತೆ ಸಾಲ್ತಿಲ್ಲ ಅಂತ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಅಳು ಹೇಳಿತ್ತು, ನಾವು ನಂಬಿದ್ದೆವು.

ಐದನೇ ದಿನದ ಹೊತ್ತಿಗೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದು, ಹುಟ್ಟಿದ ಮೇಲೆ ಸ್ವಲ್ಪ ಇಳಿದ ತೂಕ ಸುಮಾರು ಎರಡು ವಾರದೊಳಗೆ ವಾಪಸ್ ಬಂದಿದ್ದರೆ ಸಾಮಾನ್ಯವಾಗಿ ಹಾಲು ಸಾಲುತ್ತಿದೆ ಅಂತ ಅರ್ಥ. ಎರಡು-ಮೂರು ವಾರಕ್ಕೆ, ಮತ್ತೆ ಆರನೇ ವಾರದ ಆಸುಪಾಸಿನಲ್ಲಿ ಮಗು ಮೇಲಿಂದ ಮೇಲೆ ಕುಡಿಯುತ್ತದೆ. ಎದೆ ಖಾಲಿಯಾದಷ್ಟೂ ಹಾಲು ಜಾಸ್ತಿ ಬರುತ್ತದೆ. ಅದೇ ಹೊತ್ತಿಗೆ ಬಾಟಲಿ ಶುರು ಮಾಡಿದರೆ ಮಗು ಎದೆಯಿಂದ ಕಡಿಮೆ ಕುಡಿಯುತ್ತದೆ, ಹಾಲೂ ಕಡಿಮೆಯಾಗುತ್ತದೆ. ಸುಮ್ನೆ ಅನಿಸಿದ್ದ ಕೊರತೆ ನಿಜವಾಗಿಬಿಡಬಹುದು. ಹಾಲು ಸಾಲುತ್ತಿಲ್ಲ ಅನ್ನುವ ಅನಿಸಿಕೆಯೇ ಹಾಲೂಡಿಸುವುದನ್ನು ಬೇಗ ನಿಲ್ಲಿಸಲು ಮುಖ್ಯ ಕಾರಣಗಳಲ್ಲೊಂದು ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತಲೇ ಬಂದಿವೆ.

ಇದೆಲ್ಲ ನಮ್ಮ ಪುಸ್ತಿಕೆಯಲ್ಲೂ ಇತ್ತು. ಆಮೇಲೆ ಹುಡುಕಿದಾಗ ಸಿಕ್ಕಿತು! ತಂಗಿಗೆ ಮಾತ್ರ ಒಬ್ಬ ನರ್ಸ್ ಪಕ್ಕದಲ್ಲಿ ಕೂತು, ಮಗುವಿನ ಬಾಯಿ ಹೇಗೆ ಅಗಲವಾಗಿ ತೆರೆಯಬೇಕು ಅಂತ ತೋರಿಸಿ, ಕೊನೆಗೆ "ಈಗ ನೀವು ನಂಗೆ ಹೇಳಿ ನೋಡೋಣ" ಅಂದಿದ್ದರಂತೆ. ಹೇಳುವಾಗ ತಪ್ಪಿದ್ದನ್ನು ಮತ್ತೆ ತಿದ್ದಿದರಂತೆ. ಹಾಗಾಗಿ ಅದು ಅವಳಲ್ಲಿ ಉಳಿದಿತ್ತು.

ಆರೋಗ್ಯ ಸಾಕ್ಷರತೆ ಅಂದರೆ ಶಾಲೆಯ ಓದು ಅಂದುಕೊಳ್ಳುತ್ತೇವೆ, ಅಲ್ವಾ? ಡಾನ್ ನಟ್‌ಬೀಮ್ ಅನ್ನುವ ತಜ್ಞರು 2000ದಲ್ಲಿ ಇದಕ್ಕೆ ಮೂರು ಮೆಟ್ಟಿಲು ಗುರುತಿಸಿದರು. ಓದಿ ತಿಳಿಯುವುದು, ಮಾತಾಡಿ ತಿಳಿದು ಬಳಸುವುದು, ತಿಳಿದದ್ದನ್ನು ತೂಗಿ ನೋಡುವುದು. ನನ್ನ ಹೆಂಡತಿ ಮೊದಲ ಮೆಟ್ಟಿಲಲ್ಲಿ ಗಟ್ಟಿ, ಎರಡನೆಯದರಲ್ಲಿ ಒಬ್ಬಂಟಿ. ಅದು ಅವಳ ಕೊರತೆ ಅಂತ ನನಗೆ ಅನಿಸುವುದಿಲ್ಲ. ಪುಸ್ತಿಕೆ ಕೈಗಿಟ್ಟು ಕೆಲಸ ಮುಗಿಯಿತು ಅಂದುಕೊಂಡವರ ಕೊರತೆ.

ಹಾಗಂತ ಅಲ್ಲಿಯದೆಲ್ಲ ಸರಿ, ಇಲ್ಲಿಯದೆಲ್ಲ ತಪ್ಪು ಅನ್ನಲಾರೆ. ಅಲ್ಲಿ ಬಾಣಂತಿಗೆ ಹೇಳುವವರು ಜಾಸ್ತಿ, ತಪ್ಪು ಹೇಳುವವರೂ ಜಾಸ್ತಿ. ಸೆಕೆಗೆ ಕೂಸಿಗೆ ನೀರು ಕುಡಿಸು ಅಂತ ತಂಗಿಗೆ ನಾಲ್ಕು ಜನ ಹೇಳಿದ್ದರು. ಆರು ತಿಂಗಳೊಳಗೆ ನೀರೂ ಬೇಡ. ಅದನ್ನು ಅವಳು ಜಗಳ ಮಾಡದೆ ನಕ್ಕು ತಳ್ಳಿಹಾಕಿದಳು. ಮೂರನೇ ಮೆಟ್ಟಿಲು ಅಂದರೆ ಅದೇ. ಪುಡಿ ಹಾಲಿನ ಜಾಹೀರಾತು ನೋಡುವಾಗಲೂ ಬೇಕಾಗುವುದು ಅದೇ. ಪುಡಿ ಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆ 1981ರಲ್ಲೇ ಬಂದಿದೆ. ಆದರೂ ಸುಸ್ತಾದ ಅಮ್ಮನ ಫೋನಿಗೆ ಜಾಹೀರಾತು ಬರುವುದು ನಿಂತಿಲ್ಲ. ಪುಡಿ ಹಾಲು ನಿಜವಾಗಿ ಬೇಕಾಗುವ ಮಕ್ಕಳೂ ಇದ್ದಾರೆ, ಅವರ ಅಮ್ಮಂದಿರನ್ನು ಚುಚ್ಚುವುದು ಬೇಡ.

ತಿಳಿವಳಿಕೆ ಒಂದಿದ್ದರೆ ಸಾಲದು ಅನ್ನುವುದೂ ಗೊತ್ತಾಯಿತು. ಹೆಂಡತಿ ಕೆಲಸಕ್ಕೆ ಮರಳಿದಾಗ ಹಾಲು ತೆಗೆದಿಡಲು ಆಫೀಸಿನಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಸಿಗಲು ಎರಡು ತಿಂಗಳು ಹಿಡಿಯಿತು.

ಮಗಳಿಗೀಗ 14 ತಿಂಗಳು. ರಾತ್ರಿ ಅಮ್ಮನ ಹಾಲು ಬೇಕೇ ಬೇಕು. ನಮ್ಮ ಫ್ರಿಜ್ ಬಾಗಿಲ ಮೇಲೆ ಒಂದು ಚೀಟಿ ಇನ್ನೂ ಅಂಟಿಕೊಂಡಿದೆ: "ತೆಗೆದಿಟ್ಟ ಹಾಲು ಹೊರಗೆ 4 ಗಂಟೆ, ಒಳಗೆ 4 ದಿನ." ಕನ್ನಡದಲ್ಲಿ, ನನ್ನ ಸೊಟ್ಟ ಅಕ್ಷರದಲ್ಲಿ.