"ನಮ್ಮವರೇ ಅಲ್ವಾ" ಅನ್ನುವ ಲಂಚ

ಕುಂಬಳೆ ಕಡೆಯ ಹುಡುಗನೊಬ್ಬ ಮೆಸೇಜ್ ಮಾಡಿದ್ದ. ಮರೈನ್ ಎಂಜಿನಿಯರಿಂಗ್ ಓದಿ, ಸ್ವಲ್ಪ ಕಾಲ ಹಡಗಿನಲ್ಲಿದ್ದವನು. ಈಗ ನನ್ನ ಹಾಗೆ ಬಂಕರ್ ಸರ್ವೇಯರ್ ಆಗಬೇಕಂತೆ. "ಅಣ್ಣಾ, ಅದರಲ್ಲಿ ಮೇಲಿನ ಸಂಪಾದನೆ ಜಾಸ್ತಿ ಉಂಟಂತೆ, ಹೌದಾ?" ಅಂತ ಕೇಳಿದ.

ಉಂಟು ಮಾರಾಯಾ. ಸುಳ್ಳು ಯಾಕೆ ಹೇಳಲಿ? ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಇನ್‌ಬಾಕ್ಸ್‌ನಲ್ಲಿ ಹೇಳುವಷ್ಟು ಚಿಕ್ಕದೂ ಅಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಾಸರಗೋಡಿನಿಂದ ಹಡಗಿಗೆ ಹೋದವರು, ಹೋಗುವವರು ಬೇಕಾದಷ್ಟು ಜನ ಇದ್ದಾರೆ. ಅವರೂ ಓದಲಿ.

ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಹಡಗಿನ ಎಂಜಿನ್ ಉರಿಸುವ ಎಣ್ಣೆಯೇ ಬಂಕರ್. ಬಾರ್ಜ್, ಅಂದರೆ ಎಣ್ಣೆ ತರುವ ಚಿಕ್ಕ ಹಡಗು, ಬಂದು ಪಕ್ಕದಲ್ಲಿ ನಿಂತು ಅದನ್ನು ಪಂಪ್ ಮಾಡುತ್ತದೆ. ದೊಡ್ಡ ಹಡಗಾದರೆ ಒಂದು ಸಲಕ್ಕೆ 1000 ಟನ್, 2000 ಟನ್. ಪೆಟ್ರೋಲ್ ಬಂಕ್‌ನಲ್ಲಿ ಸೊನ್ನೆ ನೋಡಿ ಸುಮ್ಮನಾಗುತ್ತೇವಲ್ಲ, ಇಲ್ಲಿ ಅಷ್ಟಕ್ಕೆ ಆಗುವುದಿಲ್ಲ. ಮಾರುವುದು ಟನ್ ಲೆಕ್ಕದಲ್ಲಿ, ಟೇಪ್ ಬಿಟ್ಟು ಅಳೆಯುವುದು ಟ್ಯಾಂಕಿನ ಆಳವನ್ನು. ಆ ಆಳವನ್ನು ಟ್ಯಾಂಕಿನ ಅಳತೆಪಟ್ಟಿ ನೋಡಿ ಪರಿಮಾಣ ಮಾಡಬೇಕು, ಹಡಗು ವಾಲಿದ್ದರೆ ಅದನ್ನು ಸರಿಪಡಿಸಬೇಕು, ಎಣ್ಣೆಯ ಬಿಸಿ ನೋಡಬೇಕು, 15 ಡಿಗ್ರಿಯ ಲೆಕ್ಕಕ್ಕೆ ತರಬೇಕು, ಕೊನೆಗೆ ಸಾಂದ್ರತೆಯಿಂದ ಗುಣಿಸಬೇಕು. ಇದನ್ನೆಲ್ಲ ಎರಡೂ ಕಡೆಯವರಿಗೆ ಸೇರದವನಾಗಿ ನಿಂತು ನೋಡುವವನು ಸರ್ವೇಯರ್.

ಕಳ್ಳತನಕ್ಕೆ ಈ ಪ್ರತಿ ಮೆಟ್ಟಿಲಲ್ಲೂ ಜಾಗ ಉಂಟು. ಬಾರ್ಜ್‌ನ ಟ್ಯಾಂಕ್ ತೆರೆದಾಗ ಥರ್ಮಾಮೀಟರನ್ನು ಸರಿಯಾಗಿ ಇಳಿಸದೆ 10 ಡಿಗ್ರಿ ಕಡಿಮೆ ಬರೆದರು ಅಂತಿಟ್ಟುಕೊಳ್ಳಿ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದಲ್ಲ, ಬಿಸಿ ಕಡಿಮೆ ಅಂತ ಬರೆದರೆ ಕಾಗದದಲ್ಲಿ ಎಣ್ಣೆ ಜಾಸ್ತಿ ಕಾಣುತ್ತದೆ. 1000 ಟನ್ನಿಗೆ ಸುಮಾರು 7 ಟನ್ ಹಡಗಿಗೆ ಬರದೆಯೇ ಲೆಕ್ಕಕ್ಕೆ ಬಂತು. ಟನ್ನಿಗೆ 500 ಡಾಲರ್ ಅಂದರೂ 3500 ಡಾಲರ್, ಒಂದೇ ಅಂಕೆಯಲ್ಲಿ. ಯಾರೂ ಪೈಪ್ ಕೊರೆದಿಲ್ಲ, ಬೀಗ ಒಡೆದಿಲ್ಲ.

ಇನ್ನೊಂದು ಗಾಳಿಯ ಆಟ. ಎಣ್ಣೆಗೆ ಗಾಳಿ ಊದಿ ನೊರೆ ಬರಿಸಿ, ಜಾಸ್ತಿ ಇರುವ ಹಾಗೆ ತೋರಿಸುವುದು. ಈ ಲೈನಿನಲ್ಲಿ ಇದಕ್ಕೆ 'ಕ್ಯಾಪುಚಿನೊ' ಅಂತ ಹೆಸರು. ಟೇಪ್ ಮೇಲೆತ್ತಿದಾಗ ಎಣ್ಣೆಯ ಗೆರೆ ಚೊಕ್ಕವಾಗಿರುವುದಿಲ್ಲ, ಗುಳ್ಳೆ ಗುಳ್ಳೆ ಕಾಣುತ್ತದೆ. ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಟಾರ್ಚ್ ಹಿಡಿದು ಆ ಗುಳ್ಳೆ ನೋಡಬೇಕು ಅಂದರೆ ನೋಡುವ ಮನಸ್ಸು ಇರಬೇಕು. "ಕ್ಯಾಬಿನ್‌ನಲ್ಲಿ ಕುಳಿತುಕೊಳ್ಳಿ ಸರ್, ಟೀ ಕುಡಿಯಿರಿ, ರೀಡಿಂಗ್ ನಾವೇ ತಂದು ಕೊಡುತ್ತೇವೆ" ಅನ್ನುವವರು ಎಲ್ಲ ಬಂದರಿನಲ್ಲೂ ಇದ್ದಾರೆ. ಆ ಟೀ ಕುಡಿದವನು ಲಂಚದ ಕವರ್ ಮುಟ್ಟದಿದ್ದರೂ ಕೆಲಸ ಕೆಟ್ಟಿತು. ಅಳೆಯದ ಅಂಕೆಗೆ ಸಹಿ ಬಿತ್ತಲ್ಲ.

ಕೊಟ್ಟ ಎಣ್ಣೆಯಿಂದ ಬಾಟಲಿಯಲ್ಲಿ ತೆಗೆದಿಡುವ ಸ್ಯಾಂಪಲ್ ವಿಷಯವೂ ಹಾಗೆಯೇ. ಹಡಗುಗಳ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್ ಪ್ರಕಾರ ಆ ಸೀಲ್ ಮಾಡಿದ ಬಾಟಲಿಯನ್ನು ಕನಿಷ್ಠ 12 ತಿಂಗಳು ಇಡಬೇಕು, ಎಣ್ಣೆ ಕೊಟ್ಟದ್ದರ ದಾಖಲೆಯಾದ ಡೆಲಿವರಿ ನೋಟನ್ನು ಮೂರು ವರ್ಷ. 2020ರಿಂದ ಎಣ್ಣೆಯಲ್ಲಿ ಗಂಧಕ ಸಾಮಾನ್ಯವಾಗಿ ಶೇ. 0.50 ದಾಟಬಾರದು. ನಾಳೆ ಎಂಜಿನ್ ಕೆಟ್ಟರೆ, ಗಂಧಕ ಜಾಸ್ತಿ ಬಂದರೆ, ಸಾಕ್ಷಿ ಹೇಳಬೇಕಾದ್ದು ಅದೇ ಬಾಟಲಿ. ಪಂಪ್ ಶುರುವಾಗುವ ಮುಂಚೆಯೇ ಖಾಲಿ ಲೇಬಲ್‌ಗೆ ಸಹಿ ಕೇಳುತ್ತಾರೆ, "ಟೈಮ್ ಉಳಿಯುತ್ತದೆ" ಅಂತ. ಸಹಿ ಹಾಕಿದ ಲೇಬಲ್ ಆಮೇಲೆ ಯಾವ ಬಾಟಲಿಗೆ ಅಂಟುತ್ತದೋ ದೇವರಿಗೇ ಗೊತ್ತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕವರ್ ಬೇಡ ಅನ್ನುವುದು ಅಷ್ಟೇನೂ ಕಷ್ಟ ಅಲ್ಲ. ಕೊಡುವವನು ಯಾರೋ ಏನೋ, ನಾಳೆ ಮುಖ ನೋಡಬೇಕಾಗಿಲ್ಲ. ಕಷ್ಟ ಆಗುವುದು ಹಡಗಿನ ಚೀಫ್ ಎಂಜಿನಿಯರ್ ನಮ್ಮವರಾದಾಗ. ಒಮ್ಮೆ ಹೀಗೇ ಆಯಿತು. ನನ್ನ ಕನ್ನಡ ಕೇಳಿದ್ದೇ ಅವರು "ಊರು ಓಲು?" (ಊರು ಎಲ್ಲಿ?) ಅಂತ ತುಳುವಿನಲ್ಲಿ ಶುರು ಮಾಡಿದರು. ಮಂಜೇಶ್ವರದವರು. ಗಂಜಿ, ಚಟ್ನಿ, ನಮ್ಮ ಊರಿನ ಯಕ್ಷಗಾನದ ಆಟ, ಎಲ್ಲ ಮಾತಾಯಿತು. ಆಮೇಲೆ ಮೆಲ್ಲಗೆ, "ಒಂದು ಟ್ಯಾಂಕ್‌ನಲ್ಲಿ ಸ್ವಲ್ಪ ಜಾಸ್ತಿ ಉಂಟು. ಬರೆಯಬೇಡಿ. ನಮ್ಮವರೇ ಅಲ್ವಾ" ಅಂದರು.

ದಿನಾ ಸುಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿ ಸುಟ್ಟೆ ಅಂತ ಬರೆದು, ಉಳಿದದ್ದನ್ನು ಪುಸ್ತಕದಿಂದ ಹೊರಗಿಡುವುದು ಹಳೆಯ ಪದ್ಧತಿ. ಎಲ್ಲರೂ ಮಾರಿಕೊಳ್ಳುವುದಕ್ಕೆ ಇಡುವುದಲ್ಲ. ಬಾರ್ಜ್‌ನವರು ಕಡಿಮೆ ಕೊಟ್ಟರೆ ಬೈಗುಳ ತಿನ್ನುವವರು ಚೀಫ್. ಆ ಹೆದರಿಕೆಗೆ ಇಡುವವರು ತುಂಬಾ ಜನ. ಅವರ ಕಷ್ಟ ನನಗೆ ಅರ್ಥ ಆಗುತ್ತದೆ. ಆದರೂ ನಾನು ಬರೆದೆ. ಅವರು ಆಮೇಲೆ ಮಾತಾಡಲಿಲ್ಲ. ಊರಿನ ಮದುವೆಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಾರೆ. ಮೇಲಿನ ಸಂಪಾದನೆ ಕೇಳಿದ ತಮ್ಮಾ, ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿದುಕೋ.

"ಒಂದು ಟ್ಯಾಂಕಿನ ಲೆಕ್ಕ ತಪ್ಪಿದರೆ ಯಾರ ಗಂಟು ಹೋಯಿತು?" ಅಂತ ಕೇಳುವವರಿದ್ದಾರೆ. 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿತಲ್ಲ. ಒಳಗೆ 84.44 ಟನ್ ಡೀಸೆಲ್, 367.1 ಟನ್ ಫರ್ನೇಸ್ ಆಯಿಲ್ ಉಂಟು ಅಂತ ಸುದ್ದಿ ಬಂತು. ಮುಳುಗಿದ ಹಡಗಿಗೆ ಯಾರೂ ಟೇಪ್ ಬಿಟ್ಟು ನೋಡಿದ್ದಲ್ಲ, ಅವು ದಾಖಲೆಯ ಅಂಕೆಗಳು. ಆ ಹಡಗಿನ ಲೆಕ್ಕ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಎಣ್ಣೆ ತಡೆಯಲು ಎಷ್ಟು ದೋಣಿ, ಎಷ್ಟು ಸಾಮಾನು ಬೇಕು ಅಂತ ಕೋಸ್ಟ್ ಗಾರ್ಡ್ ನಿರ್ಧರಿಸುವುದು ಅಂಥ ಅಂಕೆ ನಂಬಿಯೇ. ಮರುತಿಂಗಳು ಕಣ್ಣೂರಿನಾಚೆ ವಾನ್ ಹೈ 503 ಹಡಗು ಹೊತ್ತಿ ಉರಿಯಿತು. ಮೀನು ತಿನ್ನಬಹುದಾ ಅಂತ ಜನ ಹೆದರಿದ್ದು ನೆನಪಿರಬೇಕು. ಪುಸ್ತಕದ ಹೊರಗಿನ ಎಣ್ಣೆ ಯಾರ ಲೆಕ್ಕದಲ್ಲೂ ಇರುವುದಿಲ್ಲ, ದಡಕ್ಕೆ ಬರುವಾಗ ಮಾತ್ರ ಬರುತ್ತದೆ.

ಮೀಟರ್ ಬಂದಿದೆಯಲ್ಲ, ಇನ್ನು ಸರ್ವೇಯರ್ ಯಾಕೆ ಅನ್ನುತ್ತಾರೆ. ಸಿಂಗಾಪುರ 2017ರಲ್ಲೇ ಪೈಪಿನಲ್ಲಿ ಹರಿಯುವ ಎಣ್ಣೆಯನ್ನು ಟನ್ ಲೆಕ್ಕದಲ್ಲೇ ಅಳೆಯುವ ಮಾಸ್ ಫ್ಲೋ ಮೀಟರ್ ಕಡ್ಡಾಯ ಮಾಡಿತು, ಪ್ರಪಂಚದಲ್ಲೇ ಮೊದಲು. ಒಳ್ಳೆಯದೇ ಆಯಿತು, ಟೇಪಿನ ಜಗಳ ಕಡಿಮೆಯಾಯಿತು. ಆದರೆ ಮೀಟರಿನ ಸೀಲ್ ನೋಡಬೇಕಾದ್ದು ಮನುಷ್ಯ, ಸ್ಯಾಂಪಲ್ ಕಾಯಬೇಕಾದ್ದೂ ಮನುಷ್ಯ. ಅದೇ ಸಿಂಗಾಪುರದ ಪುಲಾವ್ ಬುಕೋಮ್ ರಿಫೈನರಿಯಿಂದ ವರ್ಷಗಟ್ಟಲೆ ಎಣ್ಣೆ ಕದ್ದ ಪ್ರಕರಣ 2018ರಲ್ಲಿ ಹೊರಬಂತು. ಕಂಡೂ ಕಾಣದ ಹಾಗಿರಲು ಲಂಚ ತೆಗೆದುಕೊಂಡರು ಅಂತ ಸರ್ವೇಯರ್‌ಗಳ ಮೇಲೂ ಕೇಸು ಬಿತ್ತು.

ತಪ್ಪೆಲ್ಲ ಸರ್ವೇಯರ್ ತಲೆಗೆ ಕಟ್ಟುವುದನ್ನೂ ನಾನು ಒಪ್ಪುವುದಿಲ್ಲ. ಇಡೀ ರಾತ್ರಿಯ ಕೆಲಸಕ್ಕೆ ಚಿಲ್ಲರೆ ಫೀಸ್ ಕೊಟ್ಟು, ಬೆಳಿಗ್ಗೆ ಇನ್ನೊಂದು ಹಡಗಿಗೆ ಓಡಿಸಿ, "ಹಡಗು ಲೇಟ್ ಆದರೆ ನಿನ್ನದೇ ಜವಾಬ್ದಾರಿ" ಅನ್ನುವ ಕಂಪನಿಗಳು ಪ್ರಾಮಾಣಿಕತೆಯ ಪೋಸ್ಟರ್ ಅಂಟಿಸುವುದು ನೋಡಿದರೆ ನಗು ಬರುತ್ತದೆ.

ಹಾಗಾಗಿ ತಮ್ಮಾ, ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳಿದ ಮೇಲೆ ಇದೊಂದು ಕೇಳು. ಅಳತೆ ಸರಿ ಇಲ್ಲ ಅಂತ ನಾನು ಪ್ರೊಟೆಸ್ಟ್ ಲೆಟರ್ ಕೊಟ್ಟು, ಬಾರ್ಜ್ ಆರು ಗಂಟೆ ತಡವಾಗಿ, ಗಿರಾಕಿ ಫೋನ್ ಮಾಡಿ ಬೊಬ್ಬೆ ಹಾಕಿದರೆ ಆ ಫೋನ್ ಯಾರು ಎತ್ತುತ್ತಾರೆ? ಹೆಸರು ಹೇಳಿದರೆ ಸೇರು. "ಅದೆಲ್ಲ ನೀವೇ ಅಡ್ಜಸ್ಟ್ ಮಾಡಿಕೊಳ್ಳಬೇಕು" ಅಂದರೆ ಬೇರೆ ಕಡೆ ನೋಡು. ಒಂದೆರಡು ಒಳ್ಳೆಯ ಕಡೆ ನನಗೆ ಗೊತ್ತುಂಟು, ಫೋನ್ ಮಾಡು.